ಹಗ್ಗದ ಆಯಸ್ಸು ವಿಂಚ್‌ನ ಕೈಯಲ್ಲಿ

ಹಗ್ಗ ತುಂಡಾದಾಗ ಮೊದಲು ಬೈಸಿಕೊಳ್ಳುವುದು ಹಗ್ಗವೇ. ‘ಮಾಲು ಕಳಪೆ’, ‘ಹಳೆಯ ಕಬ್ಬಿಣದ ರೋಪೇ ವಾಸಿಯಿತ್ತು’ ಎಂಬ ಮಾತು ಬಂದರಿನ ಧಕ್ಕೆಯಲ್ಲೂ ಕೇಳಿಬರುತ್ತದೆ, ಮಲೆನಾಡಿನ ಕೆಸರಿನಲ್ಲಿ ಹೂತ ಜೀಪನ್ನು ಎಳೆಯುವವರ ಬಾಯಲ್ಲೂ ಕೇಳಿಬರುತ್ತದೆ. ಅದೇ ಹಗ್ಗವನ್ನು ದಿನವಿಡೀ ಸುತ್ತಿ, ಬಿಚ್ಚಿ, ಬಗ್ಗಿಸಿ, ಬಿಸಿ ಮಾಡಿದ ವಿಂಚ್‌ನ ಕಡೆಗೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಹರಿದದ್ದನ್ನು ಎಸೆದು ಅದೇ ಡ್ರಮ್ಮಿಗೆ ಹೊಸ ಹಗ್ಗ ಸುತ್ತುತ್ತಾರೆ. ಅದೂ ಅದೇ ಜಾಗದಲ್ಲಿ ಸವೆಯತೊಡಗುತ್ತದೆ.

ವಿಂಚ್ ಎಂದರೆ ಸರಳವಾಗಿ ಹೇಳುವುದಾದರೆ ಹಗ್ಗ ಸುತ್ತಿಕೊಂಡು ಭಾರ ಎಳೆಯುವ ಯಂತ್ರ. ತಿರುಗುವ ಡ್ರಮ್ಮು, ಅದನ್ನು ತಿರುಗಿಸುವ ಮೋಟಾರು ಮತ್ತು ಗೇರು, ಭಾರ ಹಿಂದಕ್ಕೆ ಜಾರದಂತೆ ತಡೆಯುವ ಬ್ರೇಕು, ಹಗ್ಗಕ್ಕೆ ದಾರಿ ತೋರಿಸುವ ಫೇರ್‌ಲೀಡ್. ಈ ನಾಲ್ಕೂ ಭಾಗಗಳು ಬಹುಕಾಲ ಉಕ್ಕಿನ ತಂತಿ ಹಗ್ಗವನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಾದವು. ಉಕ್ಕು ಒರಟು ಮೈಗೆ ಅಂಜುವುದಿಲ್ಲ, ನೂರು ಡಿಗ್ರಿ ಶಾಖಕ್ಕೆ ಕರಗುವುದಿಲ್ಲ. ಆ ಯಂತ್ರದ ಮೇಲೆ ಪ್ಲಾಸ್ಟಿಕ್ ನಾರಿನ ಹಗ್ಗವನ್ನು ತಂದು ಕೂರಿಸಿದಾಗ ಲೆಕ್ಕವೆಲ್ಲ ಬದಲಾಗುತ್ತದೆ.

ಕೃತಕ ಹಗ್ಗಗಳಲ್ಲಿ ಒಂದೇ ಜಾತಿಯಿಲ್ಲ. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ವಾಲೇಸ್ ಕ್ಯಾರದರ್ಸ್ ಮತ್ತು ಸಂಗಡಿಗರು ನೈಲಾನ್ ತಯಾರಿಸಿದರು. 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನಾರನ್ನು ಕಂಡುಹಿಡಿದರು. ನೈಲಾನ್ ಚೆನ್ನಾಗಿ ಹಿಗ್ಗುತ್ತದೆ, ಪಾಲಿಯೆಸ್ಟರ್ ಉಜ್ಜಾಟ ತಡೆಯುತ್ತದೆ, ಅಗ್ಗದ ಪಾಲಿಪ್ರೊಪಿಲೀನ್ ನೀರಿನಲ್ಲಿ ತೇಲುತ್ತದೆ. ಆದರೆ ಉಕ್ಕಿನ ಜಾಗವನ್ನು ನಿಜವಾಗಿ ಕಸಿದುಕೊಂಡದ್ದು ಇವುಗಳ ನಂತರ ಬಂದ ಎಚ್‌ಎಂಪಿಇ. ಬಿಂದಿಗೆ, ಚೀಲ ಮಾಡುವ ಅದೇ ಪಾಲಿಎಥಿಲೀನ್ ಇದು. ಅಣುಗಳ ಸರಪಳಿ ಮಾತ್ರ ಬಹಳ ಉದ್ದ, ಮತ್ತು ಅವೆಲ್ಲವೂ ನಾರಿನ ಉದ್ದಕ್ಕೆ ಸಾಲಾಗಿ ಕೂತಿರುತ್ತವೆ. ನೆದರ್ಲೆಂಡ್ಸ್‌ನ ಡಿಎಸ್‌ಎಂ ಕಂಪನಿಯ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ 1979ರ ಹೊತ್ತಿಗೆ ಈ ನಾರನ್ನು ನೂಲುವ ವಿಧಾನ ರೂಪಿಸಿದರು; 1990ರಲ್ಲಿ ಅದು ಡೈನೀಮಾ ಎಂಬ ಹೆಸರಿನಲ್ಲಿ ಕಾರ್ಖಾನೆಯಿಂದ ಹೊರಬಂತು. ಅಮೆರಿಕದಲ್ಲಿ ಇದೇ ಬಗೆಯ ನಾರಿಗೆ ಸ್ಪೆಕ್ಟ್ರಾ ಎಂದು ಹೆಸರು.

ಒಂದೇ ದಪ್ಪದ ಉಕ್ಕಿನ ಹಗ್ಗದಷ್ಟೇ ಬಲ, ತೂಕ ಅದರ ಏಳನೇ ಒಂದು ಭಾಗ. ನೀರಿಗೆ ಬಿದ್ದರೆ ತೇಲುತ್ತದೆ, ತುಕ್ಕು ಹಿಡಿಯುವುದಿಲ್ಲ, ಮುರಿದ ತಂತಿಯ ಮೊನೆ ಅಂಗೈ ಸೀಳುವ ಭಯವಿಲ್ಲ. ಹಡಗಿನ ಭಾರೀ ಹಗ್ಗವನ್ನು ಮೂರ್ನಾಲ್ಕು ಜನ ಕೈಯಲ್ಲಿ ಎಳೆದಾಡಬಹುದು. ಬೆನ್ನು ಮುರಿಯುವ ದುಡಿಮೆಯಿಂದ ನಾವಿಕರನ್ನು ಬಿಡಿಸಿದ ಉಪಕಾರ ಇದರದು. ಇಷ್ಟೆಲ್ಲ ಗುಣಗಳ ನಡುವೆ ಎರಡು ದೌರ್ಬಲ್ಯಗಳಿವೆ. ಈ ನಾರು 144ರಿಂದ 152 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕೆ ಬಹಳ ಮೊದಲೇ, ಸುಮಾರು 70 ಡಿಗ್ರಿ ದಾಟುತ್ತಿದ್ದಂತೆ, ಭಾರ ಹೊರುವ ಶಕ್ತಿ ಇಳಿಯತೊಡಗುತ್ತದೆ. ಎರಡನೆಯದು, ಇದರ ಮೈ ವಿಪರೀತ ಜಾರು. ವಿಂಚ್ ಈ ಹಗ್ಗವನ್ನು ಹಾಳುಮಾಡುವ ಬಹುತೇಕ ದಾರಿಗಳು ಈ ಎರಡರ ಹತ್ತಿರವೇ ಸುಳಿಯುತ್ತವೆ.

ಮೊದಲು ಶಾಖದ ವಿಷಯ. ಜೀಪಿನ ಮುಂಭಾಗಕ್ಕೆ ಕೂರಿಸುವ ವಿದ್ಯುತ್ ವಿಂಚ್‌ಗಳನ್ನು ನೋಡಬೇಕು. ಸಕಲೇಶಪುರ, ಕೊಡಗಿನ ಆಫ್‌ರೋಡ್ ಸ್ಪರ್ಧೆಗಳಿಗೆ ಬರುವ ಜೀಪುಗಳಲ್ಲಿ ಇವು ಇರುತ್ತವೆ. ಜಾಗ ಉಳಿಸುವ ಸಲುವಾಗಿ ಇಂಥ ಅನೇಕ ವಿಂಚ್‌ಗಳಲ್ಲಿ ಬ್ರೇಕನ್ನು ಡ್ರಮ್ಮಿನ ಹೊಟ್ಟೆಯೊಳಗೇ ಇಟ್ಟಿರುತ್ತಾರೆ. ಹಗ್ಗವನ್ನು ಒಳಕ್ಕೆ ಎಳೆದುಕೊಳ್ಳುವಾಗ ಆ ಬ್ರೇಕಿಗೆ ಕೆಲಸವಿಲ್ಲ. ಆದರೆ ಇಳಿಜಾರಿನಲ್ಲಿ ಜೀಪನ್ನು ಹಗ್ಗದ ಆಸರೆಯಲ್ಲಿ ನಿಧಾನವಾಗಿ ಕೆಳಗಿಳಿಸುವಾಗ, ಭಾರವಿರುವಂತೆಯೇ ಮೋಟಾರಿನಿಂದ ಹಗ್ಗ ಬಿಡುವಾಗ, ಬ್ರೇಕು ಉದ್ದಕ್ಕೂ ಉಜ್ಜುತ್ತಲೇ ಇರುತ್ತದೆ. ಇಳಿಯುತ್ತಿರುವ ಜೀಪಿನ ಶಕ್ತಿಯೆಲ್ಲ ಅಲ್ಲಿ ಶಾಖವಾಗುತ್ತದೆ. ಆ ಶಾಖ ಡ್ರಮ್ಮಿನ ಉಕ್ಕಿಗೆ, ಉಕ್ಕಿನಿಂದ ಅದಕ್ಕೆ ಅಂಟಿಕೊಂಡ ಮೊದಲ ಪದರದ ಹಗ್ಗಕ್ಕೆ ಹರಿಯುತ್ತದೆ. ಹೊರಗಿನ ಪದರಗಳು ಹೊಸದರಂತೆ ಮಿರುಗುತ್ತಿರುತ್ತವೆ, ಒಳಗಿನದು ಬೆಂದು ಗಟ್ಟಿಯಾಗಿರುತ್ತದೆ. ಪೂರ್ತಿ ಬಿಚ್ಚಿದ ದಿನ ಮಾತ್ರ ಗೊತ್ತಾಗುತ್ತದೆ.

ಇದಕ್ಕೆ ಪರಿಹಾರವಿದೆ. ಒಳ್ಳೆಯ ಹಗ್ಗಗಳ ಮೊದಲ ಕೆಲವು ಮೀಟರಿಗೆ ಶಾಖ ತಡೆಯುವ ಅರಮಿಡ್ ನಾರಿನ ಕವಚ ಹೊದಿಸಿ ಕೊಡುತ್ತಾರೆ. ಕೆಲವು ತಯಾರಕರು ಬ್ರೇಕನ್ನೇ ಡ್ರಮ್ಮಿನಿಂದ ಹೊರಗೆ ಇಡುತ್ತಿದ್ದಾರೆ. ಚಾಲಕನ ಕೈಯಲ್ಲಿರುವ ಪರಿಹಾರ ಇನ್ನೂ ಸುಲಭ: ಭಾರವಿದ್ದಾಗ ಉದ್ದಕ್ಕೆ ಹಗ್ಗ ಬಿಡಬಾರದು, ಬಿಡಲೇಬೇಕಾದರೆ ಆಗಾಗ ನಿಲ್ಲಿಸಿ ಆರಲು ಬಿಡಬೇಕು.

ಜಾರುವ ಗುಣದ ಲೆಕ್ಕ ಸ್ವಾರಸ್ಯಕರವಾದದ್ದು. ಡ್ರಮ್ಮಿಗೆ ಹಗ್ಗದ ತುದಿಯನ್ನು ಸಿಕ್ಕಿಸುವ ಬೋಲ್ಟು ಭಾರ ಹೊರಲು ಇರುವುದಲ್ಲ. ಭಾರ ಹೊರುವುದು ಡ್ರಮ್ಮಿನ ಮೇಲೆ ಯಾವಾಗಲೂ ಉಳಿಸಿಕೊಂಡಿರುವ ಸುತ್ತುಗಳ ಘರ್ಷಣೆ. ಈ ಘರ್ಷಣೆ ಸುತ್ತಿನಿಂದ ಸುತ್ತಿಗೆ ಗುಣಿಸುತ್ತ ಬೆಳೆಯುತ್ತದೆ ಎಂಬ ಸೂತ್ರವನ್ನು 18ನೇ ಶತಮಾನದಲ್ಲೇ ಗಣಿತಜ್ಞ ಲಿಯೊನ್‌ಹಾರ್ಡ್ ಆಯ್ಲರ್ ಬರೆದಿಟ್ಟ. ಘರ್ಷಣಾಂಕ 0.2 ಇರುವ ಹಗ್ಗವನ್ನು ಮೂರು ಸುತ್ತು ಹಾಕಿದರೆ ತುದಿಯ ಬೋಲ್ಟಿಗೆ ತಲುಪುವುದು ಭಾರದ 43ರಲ್ಲಿ ಒಂದು ಪಾಲು. ಘರ್ಷಣಾಂಕ 0.1ಕ್ಕೆ ಇಳಿದರೆ ಅದೇ ಮೂರು ಸುತ್ತಿಗೆ ಆರೂವರೆಯಲ್ಲಿ ಒಂದು ಪಾಲು ಬಂದು ಬೀಳುತ್ತದೆ. ಎಂಟು ಸುತ್ತು ಹಾಕಿದರೆ ಮಾತ್ರ ಅದು ನೂರೈವತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ತಂತಿ ಹಗ್ಗಕ್ಕೆ ಐದು ಸುತ್ತು ಸಾಕೆನ್ನುವ ಕೈಪಿಡಿಗಳು ಕೃತಕ ಹಗ್ಗಕ್ಕೆ ಎಂಟೋ ಹತ್ತೋ ಸುತ್ತು ಕೇಳುವುದು ಇದಕ್ಕೇ. ಹಳೆಯ ಅಭ್ಯಾಸದಂತೆ ಐದೇ ಸುತ್ತು ಉಳಿಸಿದರೆ ಹಗ್ಗ ಡ್ರಮ್ಮಿನ ಮೇಲೆ ಸದ್ದಿಲ್ಲದೆ ಜಾರುತ್ತದೆ. ಜಾರಿದಲ್ಲಿ ಉಜ್ಜಾಟ, ಉಜ್ಜಾಟದಲ್ಲಿ ಶಾಖ.

ಸುತ್ತುವ ಕ್ರಮದಲ್ಲೂ ಅಪಾಯವಿದೆ. ಹೊಸ ಹಗ್ಗವನ್ನು ಸಡಿಲವಾಗಿ ಡ್ರಮ್ಮಿಗೆ ಸುತ್ತಿಬಿಟ್ಟರೆ ಪದರಗಳ ನಡುವೆ ಸಂದು ಉಳಿಯುತ್ತದೆ. ಆಮೇಲೆ ಭಾರೀ ಎಳೆತ ಬಂದಾಗ ಮೇಲಿನ ಸುತ್ತು ಕೆಳಗಿನ ಪದರಗಳನ್ನು ಸೀಳಿಕೊಂಡು ಒಳಗೆ ಹೂತುಹೋಗುತ್ತದೆ. ಜಾರು ಮೈಯ, ಮೆತ್ತನೆಯ ಹಗ್ಗಕ್ಕೆ ಇದು ಉಕ್ಕಿಗಿಂತ ಬೇಗ ಆಗುತ್ತದೆ. ಹೂತ ಹಗ್ಗ ಅಕ್ಕಪಕ್ಕದ ಸುತ್ತುಗಳನ್ನು ಹಿಂಡುತ್ತದೆ, ಬಿಚ್ಚುವಾಗ ಸಿಕ್ಕಿಹಾಕಿಕೊಂಡು ಹಠಾತ್ತನೆ ಕಿತ್ತುಕೊಂಡು ಬರುತ್ತದೆ. ಆ ಜಗ್ಗು ಕೆಲವೊಮ್ಮೆ ಇಡೀ ದಿನದ ಕೆಲಸಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಅದಕ್ಕೇ ಹೊಸ ಹಗ್ಗವನ್ನು ಎಳೆತ ಕೊಟ್ಟು, ಸುತ್ತಿಗೆ ಸುತ್ತು ತಾಗಿಸಿ ಏರಿಸಬೇಕು. ಕೆಲವು ಪದರಕ್ಕೊಮ್ಮೆ ಹಗ್ಗವನ್ನು ಡ್ರಮ್ಮಿನ ಒಂದು ಕೊನೆಯಿಂದ ಇನ್ನೊಂದಕ್ಕೆ ಓರೆಯಾಗಿ ಬೇಗನೆ ಹಾಯಿಸಿ, ಮೇಲಿನ ಪದರ ಕೆಳಗೆ ಇಳಿಯದಂತೆ ಅಡ್ಡ ಕಟ್ಟುವ ಕ್ರಮವೂ ಇದೆ.

ದೊಡ್ಡ ಹಡಗುಗಳು ಇದಕ್ಕೆ ಇನ್ನೊಂದು ದಾರಿ ಕಂಡುಕೊಂಡವು. ಅಲ್ಲಿನ ಡ್ರಮ್ಮನ್ನು ನಡುವೆ ಒಂದು ತಡೆಗೋಡೆ ಹಾಕಿ ಇಬ್ಭಾಗ ಮಾಡಿರುತ್ತಾರೆ. ಒಂದು ಕಡೆ ಹಗ್ಗದ ದಾಸ್ತಾನು, ಇನ್ನೊಂದು ಕಡೆ ಕೆಲಸದ ಭಾಗ. ಕೆಲಸದ ಭಾಗದಲ್ಲಿ ಒಂದೇ ಪದರ ಇರಬೇಕು. ಹೂತುಹೋಗಲು ಕೆಳಗೆ ಏನೂ ಇಲ್ಲದಿದ್ದರೆ ಹಗ್ಗ ಹೂಳುವುದಾದರೂ ಎಲ್ಲಿ? ಒಂದೇ ಪದರದ ಈ ನಿಯಮಕ್ಕೆ ಬ್ರೇಕಿನ ಕಾರಣವೂ ಇದೆ. ಬ್ರೇಕು ತಡೆಯುವುದು ತಿರುಚುಬಲವನ್ನು. ಹಗ್ಗ ಡ್ರಮ್ಮಿನ ನಡುವಿನಿಂದ ದೂರವಾದಷ್ಟೂ ಅದೇ ಬ್ರೇಕು ಕಡಿಮೆ ಭಾರ ಹಿಡಿಯುತ್ತದೆ. 600 ಮಿಲಿಮೀಟರ್ ವ್ಯಾಸದ ಡ್ರಮ್ಮಿಗೆ 44 ಮಿಲಿಮೀಟರ್ ಹಗ್ಗ ಸುತ್ತಿದೆ ಎಂದುಕೊಳ್ಳಿ. ನಾಲ್ಕನೇ ಪದರದಲ್ಲಿದ್ದಾಗ ಬ್ರೇಕನ್ನು ಹೊಂದಿಸಿ, ಆಮೇಲೆ ಮೊದಲ ಪದರದಲ್ಲಿ ಕೆಲಸ ಮಾಡಿದರೆ, ಬ್ರೇಕು ಜಾರುವ ಹೊತ್ತಿಗೆ ಹಗ್ಗದ ಮೇಲೆ ಅಂದುಕೊಂಡದ್ದಕ್ಕಿಂತ ಶೇ 40ರಷ್ಟು ಹೆಚ್ಚು ಎಳೆತ ಬಿದ್ದಿರುತ್ತದೆ. ಹಗ್ಗ ಕಡಿಯುವ ಮೊದಲೇ ಬ್ರೇಕು ಜಾರಬೇಕೆಂಬುದು ಹಡಗಿನವರ ಮೂಲನಿಯಮ. ತೈಲ ಹಡಗುಗಳ ವಲಯದಲ್ಲಿ ಪ್ರಮಾಣವೆನಿಸಿರುವ ಒಸಿಐಎಂಎಫ್ ಕೈಪಿಡಿಯ ಪ್ರಕಾರ, ಹಡಗಿನ ವಿನ್ಯಾಸಕ್ಕೆ ನಿಗದಿಯಾದ ಹಗ್ಗದ ಕನಿಷ್ಠ ಬಲದ ಶೇ 60ಕ್ಕೆ ಬ್ರೇಕು ಬಿಟ್ಟುಕೊಡಬೇಕು. ಪದರದ ಲೆಕ್ಕ ತಪ್ಪಿದರೆ ಈ ರಕ್ಷಣೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಈ ಮಾತುಗಳು ಎಷ್ಟು ಗಂಭೀರ ಎಂಬುದನ್ನು 2015ರ ಮಾರ್ಚ್ 2 ತೋರಿಸಿಕೊಟ್ಟಿತು. ವೇಲ್ಸ್‌ನ ಮಿಲ್ಫರ್ಡ್ ಹೇವನ್ ಬಂದರಿನ ಸೌತ್ ಹುಕ್ ಅನಿಲ ಟರ್ಮಿನಲ್ಲಿಗೆ ‘ಜರ್ಗಾ’ ಎಂಬ ಹಡಗು ಬಂದಿತ್ತು. 345 ಮೀಟರ್ ಉದ್ದದ ಈ ಹಡಗು, ದ್ರವೀಕೃತ ಅನಿಲ ಸಾಗಿಸುವ ಜಗತ್ತಿನ ಅತಿ ದೊಡ್ಡ ಹಡಗುಗಳ ಸಾಲಿನದು. ಧಕ್ಕೆಗೆ ಸರಿಯಾಗಿ ಹೊಂದಿಸಲು ಸಿಬ್ಬಂದಿ ವಿಂಚ್‌ನಿಂದ ಹಗ್ಗ ಬಿಗಿಯುತ್ತಿದ್ದರು. ಹಗ್ಗ ಕಿರುಗುಟ್ಟತೊಡಗಿತು, ವಿಂಚ್ ಪದೇ ಪದೇ ತಡೆದು ನಿಂತು ಸಡಿಲಗೊಳ್ಳುತ್ತಿತ್ತು. ಅಷ್ಟರಲ್ಲಿ ಹಗ್ಗ ತುಂಡಾಗಿ ಹಿಂದಕ್ಕೆ ಚಿಮ್ಮಿತು. ಹಡಗಿನ ಮುಂಭಾಗದ ಹೊಣೆ ಹೊತ್ತಿದ್ದ ಅಧಿಕಾರಿಯ ತಲೆಗೆ ಬಡಿದು ಅವರು ತೀವ್ರವಾಗಿ ಗಾಯಗೊಂಡರು.

ತುಂಡಾದದ್ದು 44 ಮಿಲಿಮೀಟರ್ ದಪ್ಪದ, ಹೊರಕವಚವಿದ್ದ ಎಚ್‌ಎಂಪಿಇ ಹಗ್ಗ. ಹೊಸದಿದ್ದಾಗ ಅದರ ಬಲ 137 ಟನ್. ತುಂಡಾದಾಗ ಅದರ ಮೇಲಿದ್ದ ಎಳೆತ ಅದಕ್ಕೆ ಎಷ್ಟೋ ಕೆಳಗಿತ್ತು. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕಾರಣ ಬಿಡಿಸಿಟ್ಟಿದೆ. ಎಳೆತಕ್ಕೆ ಎಂಥ ಗಟ್ಟಿಗನಾದರೂ ಈ ನಾರು ಒತ್ತಡಕ್ಕೆ ಸೋಲುತ್ತದೆ. ಹಗ್ಗ ಕಿರಿದಾದ ತಿರುವಿನಲ್ಲಿ ಬಗ್ಗಿದಾಗ ಹೊರಬದಿಯ ನಾರು ಹಿಗ್ಗಿದರೆ ಒಳಬದಿಯದು ಕುಗ್ಗಿ ಮಡಚಿಕೊಳ್ಳುತ್ತದೆ. ಮತ್ತೆ ಮತ್ತೆ ಹಾಗಾದರೆ ಮಡಿಕೆ ಬಿದ್ದಲ್ಲೇ ನಾರು ಕಡಿಯುತ್ತದೆ. ಬಿಗಿಯಾದ ಹೊರಕವಚ ಆ ಮಡಿಕೆಗೆ ಇಂಬು ಕೊಟ್ಟಿತಲ್ಲದೆ, ಒಳಗಿನ ಹಾನಿಯನ್ನು ತಪಾಸಣೆ ಮಾಡುವವರ ಕಣ್ಣಿಂದ ಮರೆಮಾಡಿತು. ಇಂಥ ಹಗ್ಗ ತುಂಡಾದರೆ ತೆಪ್ಪಗೆ ಕೆಳಗೆ ಬೀಳುತ್ತದೆ ಎಂಬ ನಂಬಿಕೆ ನಾವಿಕರಲ್ಲಿ ಆಗ ಬೇರೂರಿತ್ತು. ಜರ್ಗಾದಲ್ಲಿ ಅದರ ತುದಿಗೆ ಹಿಗ್ಗುವ ನಾರಿನ ಬಾಲವೊಂದನ್ನು ಸೇರಿಸಲಾಗಿತ್ತು. ಆ ಬಾಲದಲ್ಲಿ ಕೂಡಿಕೊಂಡಿದ್ದ ಶಕ್ತಿಯೇ ಹಗ್ಗವನ್ನು ಚಾಟಿಯಾಗಿಸಿತು.

ಬಗ್ಗುವ ತಿರುವಿನ ಅಳತೆಗೆ ಹಗ್ಗದವರು ಸುಲಭದ ಅನುಪಾತ ಇಟ್ಟುಕೊಂಡಿದ್ದಾರೆ: ಡ್ರಮ್ಮಿನ ಅಥವಾ ರಾಟೆಯ ವ್ಯಾಸವನ್ನು ಹಗ್ಗದ ವ್ಯಾಸದಿಂದ ಭಾಗಿಸುವುದು. ಹೆಣೆದ ಕೃತಕ ಹಗ್ಗಕ್ಕೆ ಕನಿಷ್ಠ 8 ಇರಲಿ ಎಂಬುದು ಹಲವು ತಯಾರಕರ ಸಲಹೆ. ಉಕ್ಕಿನ ಹಗ್ಗಕ್ಕೆ ಇನ್ನೂ ದೊಡ್ಡ ತಿರುವು ಬೇಕು. ಹಾಗಾಗಿ ಉಕ್ಕಿನ ಕಾಲದ ಡ್ರಮ್ಮು ಕೃತಕ ಹಗ್ಗಕ್ಕೂ ಸಾಕಾಗಬೇಕಲ್ಲ ಎಂದು ತೋರಬಹುದು. ತೊಂದರೆ ಹೆಚ್ಚಾಗಿ ಡ್ರಮ್ಮಿನಲ್ಲಿರುವುದಿಲ್ಲ, ಅದರ ಮುಂದಿನ ಸಣ್ಣ ಪುಟ್ಟ ತಿರುವುಗಳಲ್ಲಿರುತ್ತದೆ: ಫೇರ್‌ಲೀಡಿನ ಅಂಚು, ಡೆಕ್ಕಿನ ಮೇಲಿನ ಕಿರಿದಾದ ಗೂಟ, ದಿಕ್ಕು ಬದಲಿಸಲು ಹಾಕಿದ ಸಣ್ಣ ರಾಟೆ. ನೂರು ಮೀಟರ್ ಹಗ್ಗದಲ್ಲಿ ಅಂಥದ್ದೊಂದು ತಿರುವಿದ್ದರೂ ಇಡೀ ಹಗ್ಗದ ಆಯಸ್ಸು ಅಲ್ಲಿಗೇ ಲೆಕ್ಕ.

ಮೈಯ ಒರಟುತನವೂ ಅಷ್ಟೇ ಮುಖ್ಯ. ಹಳೆಯ ಮನೆಗಳ ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗೆರೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಉಕ್ಕಿನ ತಂತಿ ಹಗ್ಗ ವರ್ಷಗಟ್ಟಲೆ ಓಡಿದ ಫೇರ್‌ಲೀಡಿನಲ್ಲೂ ಅಂಥವೇ ಗೆರೆಗಳು ಬಿದ್ದಿರುತ್ತವೆ. ಅವುಗಳ ಅಂಚು ಮಾತ್ರ ಬ್ಲೇಡಿನಷ್ಟು ಹರಿತ. ತಂತಿಗೆ ಅದು ಏನೂ ಮಾಡದು, ಆದರೆ ಎಚ್‌ಎಂಪಿಇ ನಾರನ್ನು ಪ್ರತಿ ಎಳೆತದಲ್ಲೂ ಒಂದಿಷ್ಟು ಕತ್ತರಿಸುತ್ತ ಹೋಗುತ್ತದೆ. ತಂತಿ ಬಿಟ್ಟು ಕೃತಕ ಹಗ್ಗಕ್ಕೆ ಬಂದವರು ಮೊದಲು ಮಾಡಬೇಕಾದದ್ದು ಡ್ರಮ್ಮನ್ನೂ ಫೇರ್‌ಲೀಡನ್ನೂ ಉಜ್ಜಿ ನಯ ಮಾಡಿಸುವುದು, ಇಲ್ಲವೇ ಬದಲಾಯಿಸುವುದು. ಜೀಪಿನಲ್ಲಾದರೆ ತಂತಿಗೆಂದು ಇದ್ದ ನಾಲ್ಕು ರೋಲರಿನ ಫೇರ್‌ಲೀಡ್ ತೆಗೆದು, ದುಂಡು ಅಂಚಿನ ಅಲ್ಯುಮಿನಿಯಂ ಫೇರ್‌ಲೀಡ್ ಹಾಕಬೇಕು. ರೋಲರುಗಳ ಮೂಲೆಯ ಸಂದಿಗೆ ಮೆತ್ತನೆಯ ಹಗ್ಗ ಸಿಕ್ಕಿಕೊಂಡು ಚಪ್ಪಟೆಯಾಗುತ್ತದೆ. ಹಾಗೆಂದು ಅಲ್ಯುಮಿನಿಯಂ ಮೇಲೆ ಮತ್ತೆ ತಂತಿ ಓಡಿಸಿದರೆ ಅದು ಕೊರೆದುಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು.

ವಿಂಚ್ ನಡೆಸುವವನ ಅಭ್ಯಾಸವೂ ಯಂತ್ರದ ಭಾಗವೇ. ಡ್ರಮ್ಮಿನ ಪಕ್ಕದಲ್ಲಿ ತಿರುಗುವ ಬರಿಯ ತಲೆಗೆ ಹಗ್ಗ ಸುತ್ತಿ, ಅದು ತಿರುಗುತ್ತಿರುವಂತೆಯೇ ಹಗ್ಗವನ್ನು ಜಾರಿಸುತ್ತ ಹಿಡಿದಿಡುವ ರೂಢಿ ತೆಂಗಿನ ನಾರು, ಸೆಣಬಿನ ಕಾಲದ್ದು. ಸುಮಾರು 165 ಡಿಗ್ರಿಗೆ ಕರಗುವ ಪಾಲಿಪ್ರೊಪಿಲೀನ್ ಹಗ್ಗ ಆ ಉಜ್ಜಾಟಕ್ಕೆ ಮೈಯೆಲ್ಲ ಕರಗಿ ತಲೆಗೇ ಅಂಟಿಕೊಳ್ಳಬಹುದು. ಅಂಟಿದ್ದು ಬಿಟ್ಟುಕೊಂಡಾಗ ಹಗ್ಗ ಜಗ್ಗುವ ರಭಸಕ್ಕೆ ಎದುರು ನಿಂತವರ ಕೈ ಉಳಿಯುವುದಿಲ್ಲ. ಸ್ವಯಂಚಾಲಿತ ಬಿಗಿತದ ವಿಂಚ್‌ಗಳ ಕಥೆ ಇನ್ನೊಂದು ಬಗೆ. ಅಲೆ ಏರಿಳಿದಂತೆ ತಾನೇ ಹಗ್ಗ ಬಿಟ್ಟು, ತಾನೇ ಎಳೆದುಕೊಳ್ಳುವ ಈ ಯಂತ್ರ ಅನುಕೂಲವೆನಿಸುತ್ತದೆ. ಆದರೆ ಹಗ್ಗದ ಅದೇ ಒಂದೆರಡು ಮೀಟರ್ ತುಂಡು ಫೇರ್‌ಲೀಡಿನ ಮೇಲೆ ಹಗಲೂ ರಾತ್ರಿ ಹಿಂದೆ ಮುಂದೆ ಓಡುತ್ತ ಒಳಗಿಂದಲೇ ಬಿಸಿಯಾಗಿ ಸವೆಯುತ್ತದೆ. ಧಕ್ಕೆಗೆ ಕಟ್ಟಿದ ಮೇಲೆ ಈ ವ್ಯವಸ್ಥೆಯನ್ನು ಬಳಸಬಾರದು ಎಂಬ ಸಲಹೆಗೆ ಹಡಗೇ ಧಕ್ಕೆಯ ಉದ್ದಕ್ಕೆ ಸರಿದುಹೋಗುವ ಅಪಾಯ ಮುಖ್ಯ ಕಾರಣ. ಹಗ್ಗದ ಆಯಸ್ಸು ಉಳಿಯುವುದು ಜೊತೆಗೆ ಸಿಗುವ ಲಾಭ.

ಹಗ್ಗ ಓದಲು ಬರುವವರ ಕೈಗೆ ಹಳೆಯ ತುಂಡೊಂದನ್ನು ಕೊಟ್ಟರೆ ಅದು ಯಾವ ವಿಂಚ್‌ನಲ್ಲಿ ಏನು ಅನುಭವಿಸಿತು ಎಂದು ಹೇಳಬಲ್ಲರು. ಮೇಲ್ಮೈಯಲ್ಲಿ ಎದ್ದಿರುವ ತೆಳು ಜುಂಗು ಭಯಪಡುವ ಸಂಗತಿಯಲ್ಲ. ಅದು ಒಂದು ಹಂತದ ತನಕ ಒಳಗಿನ ನಾರಿಗೆ ಕಾವಲು. ಹಗ್ಗ ಒಂದೆಡೆ ಹೊಳೆಯುತ್ತ ಬಿರುಸಾಗಿದ್ದರೆ ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಬಗ್ಗಿಸುತ್ತಾರೆ. ಬಗ್ಗಿಸುತ್ತಿದ್ದಂತೆ ಬಿರುಸು ಕಳೆದು ಎಳೆಗಳು ಬಿಡಿಬಿಡಿಯಾದರೆ ಅದು ಡ್ರಮ್ಮಿನ ಒತ್ತಡಕ್ಕೆ ಅಮುಕಿದ್ದು, ಚಿಂತೆಯಿಲ್ಲ. ಎಷ್ಟು ಬಗ್ಗಿಸಿದರೂ ಎಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದರೆ ಅಲ್ಲಿ ನಾರು ಕರಗಿದೆ. ಆ ತುಂಡನ್ನು ಕತ್ತರಿಸಿ ತೆಗೆಯಲೇಬೇಕು. ಆಮೇಲೆ ಹೆಣಿಗೆಯನ್ನು ಬೆರಳಿನಿಂದ ಬಿಡಿಸಿ ಒಳಗೆ ನೋಡುತ್ತಾರೆ. ಪುಡಿ ಉದುರಿದರೆ ಎಳೆ ಎಳೆ ತಿಕ್ಕಾಡಿದೆ ಎಂದರ್ಥ. ಉಪ್ಪಿನ ಹರಳು, ಮರಳು, ಡ್ರಮ್ಮಿನ ಕೆಂಪು ತುಕ್ಕು ಇದ್ದರೆ ತಿಕ್ಕಾಟಕ್ಕೆ ಕಾರಣವೂ ಅಲ್ಲೇ ಸಿಕ್ಕಿತು. ಹೆಣೆದ ಹಗ್ಗದ ಗಾತ್ರದಲ್ಲಿ ಕಾಲು ಭಾಗ ಕಡಿಮೆಯಾಗಿದ್ದರೆ ಅದನ್ನು ನಿವೃತ್ತಿ ಮಾಡುವುದು ರೂಢಿಯ ಅಳತೆ.

ಆಯಸ್ಸು ಹೆಚ್ಚಿಸುವ ಒಂದು ಹಳೆಯ ಉಪಾಯಕ್ಕೆ ಕಾಸೂ ಖರ್ಚಿಲ್ಲ: ಹಗ್ಗವನ್ನು ತಿರುವಿ ಹಾಕುವುದು. ಹೊರ ತುದಿ ದಿನವೂ ದುಡಿಯುತ್ತದೆ, ಒಳ ತುದಿ ಡ್ರಮ್ಮಿನ ಮೇಲೆ ಸುಮ್ಮನೆ ಮಲಗಿರುತ್ತದೆ. ಕಾಲಕಾಲಕ್ಕೆ ಅದಲುಬದಲು ಮಾಡಿದರೆ ಸವೆತ ಇಡೀ ಉದ್ದಕ್ಕೆ ಹಂಚಿಹೋಗುತ್ತದೆ.

ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳ ವಿಂಚ್‌ಗಳಲ್ಲಿ ಬಲೆ ಎಳೆಯಲು ಇಂದಿಗೂ ಉಕ್ಕಿನ ತಂತಿಯದೇ ಸಾಮ್ರಾಜ್ಯ. ಬಲೆಗೆ, ಲಂಗರಿಗೆ, ಧಕ್ಕೆಗೆ ಕಟ್ಟಲು ಕೃತಕ ಹಗ್ಗಗಳು ಎಂದೋ ಬಂದಿವೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಎಚ್‌ಎಂಪಿಇ ಜಾತಿಯ ನಾರನ್ನು ನಮ್ಮ ಮೀನುಗಾರಿಕೆಗೆ ಒಗ್ಗಿಸುವ ಅಧ್ಯಯನಗಳನ್ನು ನಡೆಸಿದೆ; ಇಂಥ ಹಗ್ಗವನ್ನು ಪುಣೆಯ ಗಾರ್‌ವೇರ್‌ನಂಥ ದೇಶಿ ಕಂಪನಿಗಳೇ ತಯಾರಿಸುತ್ತಿವೆ. ಹಗುರ ಹಗ್ಗದಿಂದ ಬೋಟಿನ ಡೀಸೆಲ್ಲೂ ಉಳಿದೀತು, ಕಲಾಸಿಗಳ ಶ್ರಮವೂ ತಗ್ಗೀತು. ಆದರೆ ತಂತಿ ಕೊರೆದ ಡ್ರಮ್ಮು, ತುಕ್ಕು ಹಿಡಿದ ರಾಟೆಗಳ ಮೇಲೆಯೇ ಅದನ್ನು ಹಾಕಿದರೆ ಒಂದು ಋತು ಕಳೆಯುವುದರೊಳಗೆ ‘ಇದು ನಮ್ಮ ಕೆಲಸಕ್ಕಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಒಳ್ಳೆಯ ವಸ್ತುವೊಂದು ಹೀಗೆ ಕೆಟ್ಟ ಹೆಸರು ಪಡೆಯುವುದು ದೊಡ್ಡ ನಷ್ಟ.

ಹಡಗುಗಳ ಮಟ್ಟಿಗೆ ಕಾನೂನು ಈಗ ಬಿಗಿಯಾಗಿದೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಸೋಲಾಸ್ ಒಪ್ಪಂದಕ್ಕೆ ತಂದ ತಿದ್ದುಪಡಿ 2024ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಹಡಗು ಕಟ್ಟುವ ಹಗ್ಗಗಳನ್ನೂ ವಿಂಚ್ ಮುಂತಾದ ಸಾಧನಗಳನ್ನೂ ತಪಾಸಣೆ ಮಾಡಿ ಸುಸ್ಥಿತಿಯಲ್ಲಿ ಇಡುವ ಹೊಣೆಯನ್ನು ಹಳೆಯ ಹಡಗುಗಳ ಮೇಲೂ ಹೊರಿಸಿದೆ. ಪಣಂಬೂರಿನ ನವ ಮಂಗಳೂರು ಬಂದರಿಗೆ ಬರುವ ತೈಲ, ಅನಿಲ ಹಡಗುಗಳಿಗೂ ಇದು ಅನ್ವಯ. ಮೀನುಗಾರಿಕೆ ಬೋಟುಗಳು, ಜೀಪುಗಳು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಮಾಲೀಕರೇ ಮುಂದಾಗಬೇಕು. ಹೊಸ ಹಗ್ಗ ಕೊಳ್ಳುವ ಮೊದಲು, ಮೋಟಾರು ಪೂರ್ತಿ ನಿಲ್ಲಿಸಿ, ಡ್ರಮ್ಮು ಮತ್ತು ಫೇರ್‌ಲೀಡಿನ ಮೇಲೆ ಹತ್ತಿಯ ಬಟ್ಟೆಯೊಂದನ್ನು ಉಜ್ಜಿ ನೋಡಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮೊದಲು ರಿಪೇರಿ ಮಾಡಿಸಿ. ಹಗ್ಗ ಹಾಕಿದ ದಿನ, ತಿರುವಿ ಹಾಕಿದ ದಿನ, ಬ್ರೇಕು ನೋಡಿಸಿದ ದಿನ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮತ್ತು ವಿಂಚ್ ಎಳೆಯುತ್ತಿರುವಾಗ ಹಗ್ಗದ ನೇರಕ್ಕೆ ಯಾರನ್ನೂ ನಿಲ್ಲಲು ಬಿಡಬೇಡಿ.